ಮಗ್ಗದ ಸದ್ದಿನೊಳಗಿನ ಸವಾಲು

ಎರಡು ಸಾವಿರದ ಎಂಟನೆಯ ಇಸವಿಯಲ್ಲಿ ನನಗೆ ನಲವತ್ತೆಂಟು ವರ್ಷ. ಇಸವಿಯೂ ವಯಸ್ಸೂ ಒಂದೇ ಅಂಕಿಯಲ್ಲಿ ಮುಗಿಯುವುದರಿಂದ ಆ ವರ್ಷದ ಸಂಗತಿಗಳು ನನ್ನ ನೆನಪಿನಲ್ಲಿ ಹಿಂದುಮುಂದಾಗುವುದಿಲ್ಲ. ರೋಣದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಕೆಲಸವನ್ನು ಅದಾಗಲೇ ಬಿಟ್ಟಿದ್ದೆ. ಬಿಟ್ಟಿದ್ದೆ ಎನ್ನುವುದಕ್ಕಿಂತ ಬಿಡಬೇಕಾಯಿತು ಎನ್ನುವುದೇ ಸರಿ. ಷಟ್ಪದಿಗಳನ್ನು ಕೊನೆಯ ಬೆಂಚಿನವರೆಗೆ ಕೇಳುವಂತೆ ವರ್ಷಗಟ್ಟಲೆ ಓದಿ ಓದಿ ಗಂಟಲಿನಲ್ಲಿ ಗಂಟು ಕಟ್ಟಿತು. ಹುಬ್ಬಳ್ಳಿಯ ವೈದ್ಯರು ಅದನ್ನು ತೆಗೆದರು. ಗಂಟಿನ ಜೊತೆಗೆ ದನಿಯೂ ಹೋಯಿತು. ಉಳಿದದ್ದು ಒಣಗಿದ ಕಬ್ಬಿನ ರವದಿಯ ಮೇಲೆ ಯಾರೋ ನಡೆದಂತಹ ಒಂದು ಸದ್ದು. ಅಂತಹ ದನಿಯಿಂದ ಹತ್ತನೆಯ ತರಗತಿಯನ್ನು ಆಳಲಾಗುವುದಿಲ್ಲ. ರಾಜೀನಾಮೆ ಕೊಟ್ಟು, ಶಾಲಾಪುಸ್ತಕ ಅಚ್ಚುಮಾಡುವ ಒಬ್ಬ ಪ್ರಕಾಶಕರಿಗೆ ಕರಡು ತಿದ್ದುವ ಕೆಲಸವನ್ನು ಮನೆಯಲ್ಲಿಯೇ ಕುಳಿತು ಮಾಡತೊಡಗಿದೆ.

ಆದರೆ ನನಗೆ ಇನ್ನೊಂದು ದನಿ ಇತ್ತು. ಅದು ಗಜೇಂದ್ರಗಡದಲ್ಲಿ ಇತ್ತು.

ಆ ದನಿಯ ಒಡೆಯ ನನ್ನ ಸಹಪಾಠಿ, ಕೈಮಗ್ಗದ ಮೇಲೆ ಸೀರೆ ನೇಯುವವನು, ಗೀಗೀ ಮೇಳದ ಮುಖ್ಯ ಹಾಡುಗಾರ. ನಮ್ಮದು ಹರದೇಶಿ ಮೇಳ. ಗಂಡು ಹೆಚ್ಚು, ಶಿವ ಹೆಚ್ಚು ಎಂದು ಹಾಡುವುದು ಹರದೇಶಿಯವರ ಪಕ್ಷ. ಹೆಣ್ಣು ಹೆಚ್ಚು, ಶಕ್ತಿ ಹೆಚ್ಚು ಎಂದು ಹಾಡುವುದು ನಾಗೇಶಿಯವರ ಪಕ್ಷ. ನಮಗೆ ಎದುರಾಗಿ ಹಾಡುತ್ತಿದ್ದವಳು ನರಗುಂದದ ಹಾಡುಗಾರ್ತಿ. ನಮಗಿಂತ ಹಿರಿಯಳು, ಬಾಯಿ ಹರಿತ, ನೆನಪು ಇನ್ನೂ ಹರಿತ. ಎಳ್ಳಮಾಸಿಯ, ಅಂದರೆ ಎಳ್ಳ ಅಮಾವಾಸ್ಯೆಯ, ಮರುದಿನ ಮಧ್ಯಾಹ್ನ ಕೂಡಿ, ದೀಪ ಹಚ್ಚುವ ಹೊತ್ತಿಗೆ ಮುಗಿಸುವುದು ಈ ಎರಡು ಮೇಳಗಳ ನಡುವೆ ಮೊದಲಿನಿಂದ ನಡೆದು ಬಂದ ಕರಾರು. ಬೇರೆ ಕಡೆ ಇಂತಹ ಹಾಡಿಕೆ ಬೆಳಗಿನವರೆಗೆ ನಡೆಯುತ್ತದೆ. ನಮ್ಮವರು ನೇಕಾರರು, ಮರುದಿನ ಮಗ್ಗಕ್ಕೆ ಇಳಿಯಬೇಕಾದವರು, ಕೊನೆಯ ಬಸ್ಸು ತಪ್ಪಿಸಿಕೊಳ್ಳುವಂತಿರಲಿಲ್ಲ.

ಹಾಡಿಕೆಯ ಕೊನೆಗೆ ಬರುವುದು ಗುಟ್ಟಿನ ಸವಾಲು. ಒಂದು ಮೇಳ ಒಗಟಿನಂತಹ ಪ್ರಶ್ನೆಯನ್ನು ಪದ ಕಟ್ಟಿ ಹಾಡುತ್ತದೆ. ಇನ್ನೊಂದು ಮೇಳ ದೀಪ ಹಚ್ಚುವುದರೊಳಗೆ ಹಾಡಿಯೇ ಉತ್ತರ ಹೇಳಬೇಕು. ಹೇಳದಿದ್ದರೆ ಅವರು ಸೋತಂತೆ, ಹೇಳಿಬಿಟ್ಟರೆ ಕೇಳಿದವರು ಸೋತಂತೆ. ಆ ಸವಾಲಿನ ಉತ್ತರ ಇಬ್ಬರಿಗೆ ಮಾತ್ರ ಗೊತ್ತಿರಬೇಕು: ಕಟ್ಟಿದವನಿಗೆ ಮತ್ತು ಹಾಡುವವನಿಗೆ. ಹಿಮ್ಮೇಳದವರಿಗೂ ಹೇಳುವಂತಿಲ್ಲ, ಕಾಗದದ ಮೇಲೆ ಬರೆಯುವಂತಿಲ್ಲ. ಕಟ್ಟುವವನು ನಾನು, ಹಾಡುವವನು ಅವನು. ಪದದ ಕೊನೆಯ ನುಡಿಯಲ್ಲಿ ಮುದ್ರಿಕೆ, ಅಂದರೆ ಕವಿಯ ಗುರುತು, ಇರಬೇಕಷ್ಟೆ. ನನ್ನ ಮುದ್ರಿಕೆ ‘ರೋಣದ ಮಾಸ್ತರ’. ಅವನು ಆ ಎರಡು ಶಬ್ದಗಳನ್ನು ಎತ್ತಿ ಹಾಡಿದಾಗ, ನನ್ನ ಮುರಿದ ಗಂಟಲನ್ನು ನಾನು ಮರೆತುಬಿಡುತ್ತಿದ್ದೆ.

ಸೋತವರು ತುರಾಯಿ ಬಿಚ್ಚಿಕೊಡಬೇಕು. ಅದು ಹಾಡುಗಾರರು ಬಡಿಯುವ ಡಪ್ಪಿನ ಅಂಚಿಗೆ ಕಟ್ಟಿದ ಒಂದು ಗೊಂಡೆ. ಕೆಂಪು ರೇಷ್ಮೆಯ ಎಳೆ, ಒಂದು ನವಿಲುಗರಿ, ಹೊಳೆಯುವ ಒಂದು ಕನ್ನಡಿಚೂರು. ನಮ್ಮ ಹಾಡುಗಾರನಿಗೆ ಅದನ್ನು ಕೊಟ್ಟವರು ಮುಶಿಗೇರಿಯ ಉಸ್ತಾದರು. ಅವನಿಗೆ ಡಪ್ಪು ಹಿಡಿಯುವುದನ್ನು ಕಲಿಸಿದ ಆ ಮುದುಕರು ಸಾಯುವ ಮೊದಲು ಡಪ್ಪು, ತುರಾಯಿ ಎರಡನ್ನೂ ಅವನ ಮಡಿಲಿಗೆ ಇಟ್ಟು ಹೋಗಿದ್ದರು. ಸೋತು ತುರಾಯಿ ಕೊಟ್ಟ ಮೇಳ ಮುಂದಿನ ವರ್ಷ ಅದೇ ದಿನ ಬಂದು ಹಾಡಿ ಅದನ್ನು ಗೆದ್ದು ಒಯ್ಯಬಹುದು. ಬರದಿದ್ದರೆ, ಅಥವಾ ದೀಪ ಹಚ್ಚುವುದರೊಳಗೆ ಸವಾಲು ಹಾಡದಿದ್ದರೆ, ತುರಾಯಿಯನ್ನು ಗೆದ್ದವರ ಡಪ್ಪಿಗೆ ಸೂಜಿದಾರದಿಂದ ಹೊಲಿದುಬಿಡುತ್ತಾರೆ. ಹೊಲಿದದ್ದನ್ನು ಮತ್ತೆ ಬಿಚ್ಚುವುದಿಲ್ಲ.

ಸವಾಲನ್ನು ಕಲಿಸಲು ನಾನು ಗಜೇಂದ್ರಗಡದ ಬಸ್ಸು ಹತ್ತುತ್ತಿದ್ದೆ. ಅವನದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ತುಳಿಯುತ್ತ, ಲಾಳಿ ಎಸೆಯುತ್ತ, ಅದೇ ತಾಳಕ್ಕೆ ಅವನು ಪದ ಹಿಡಿಯುತ್ತಿದ್ದ. ಮಗ್ಗ ನಡೆಯುವಾಗಲೇ ಕಲಿಸಬೇಕೆಂಬುದು ಅವನ ಹಟ. ಗೋಡೆಯ ಆಚೆ ಮನೆ, ಈಚೆ ಮನೆ, ಎಲ್ಲರೂ ನೇಕಾರರೇ. ಮಗ್ಗದ ಸದ್ದು ಮಾತನ್ನು ನುಂಗಿಬಿಡುತ್ತದೆ, ಆಚೆಯವರಿಗೆ ಕೇಳಿಸುವುದಿಲ್ಲ.

"ಮಾಸ್ತರ, ಈ ಮಗ್ಗ ಐತಲ್ಲ, ಇದಕ ಕಿವಿ ಅದಾವ, ಬಾಯಿಲ್ಲ," ಎನ್ನುತ್ತಿದ್ದ.

"ಬಾಯಿ ನಿನಗ ಐತಲ್ಲೊ, ಅದರದ ನನಗ ಚಿಂತಿ," ಎಂದು ನಾನು ಕೆಣಕುತ್ತಿದ್ದೆ.

ಆ ಮಗ್ಗದ ಒಂದು ಮರ ಹಿಂದೆಂದೋ ಸೀಳಿತ್ತು. ಅವನ ತಂದೆ ಅದಕ್ಕೆ ಚರ್ಮದ ಪಟ್ಟಿ ಬಿಗಿದಿದ್ದರು. ಹಾಗಾಗಿ ಅದು ಎರಡು ಸಾರಿ ‘ಟಕ್’ ಎಂದು ಒಂದು ಸಾರಿ ಮೆಲ್ಲಗೆ ಕೀರುತ್ತಿತ್ತು. ಕುಂಟನೊಬ್ಬ ಹಲಗೆಯ ಮೇಲೆ ನಡೆದ ಹಾಗೆ. ಇಡೀ ಓಣಿಯಲ್ಲಿ ಆ ನಡಿಗೆ ಇನ್ನಾವ ಮಗ್ಗಕ್ಕೂ ಇರಲಿಲ್ಲ.

ಆ ವರ್ಷ ನಾನು ಕಟ್ಟಿದ ಸವಾಲು ಹೀಗಿತ್ತು:

ಹುಟ್ಟಿದ ಮ್ಯಾಲ ಹನಿ ಹಾಲ ಕುಡದಿಲ್ಲ
ಹೆಗಲುದ್ದ ಬೆಳದಾನ ಮಗನು
ಬಿಟ್ಟ ಬಾಯಿ ಮುಚ್ಚದ ತಾಯಿ ಮೈಯೆಲ್ಲ ಬಿರದಾಳ
ತಲಿತುಂಬ ಮುತ್ತ ಹೊತ್ತ ಮಗನು
ಯಾವ ಪುರಾಣದಾಂವ ಹೇಳವ್ವ, ಇವನ್ಯಾರ ಮಗನು?

ಪುರಾಣ ಎಂಬ ಶಬ್ದವೇ ಬಲೆ. ಕೇಳಿದವರು ಪುರಾಣಗಳನ್ನು ತಡಕಾಡಬೇಕು, ಹಾಲು ಕುಡಿಯದೆ ಬೆಳೆದ ಮಗನನ್ನು ಹುಡುಕಬೇಕು. ಉತ್ತರ ಮಾತ್ರ ಊರ ಸುತ್ತ ನಿಂತಿರುತ್ತದೆ. ಅದು ಕಪ್ಪು ಮಣ್ಣಿನ ಎರಿಹೊಲದ ಹಿಂಗಾರಿ ಬಿಳಿಜೋಳ. ಬಿತ್ತಿದ ಮೇಲೆ ಮಳೆ ಬರುವುದಿಲ್ಲ. ನೆಲದೊಳಗಿನ ಹಸಿಯನ್ನೂ ಇಬ್ಬನಿಯನ್ನೂ ನಂಬಿ ಹೆಗಲೆತ್ತರ ಬೆಳೆಯುತ್ತದೆ. ತಾಯಿಯಾದ ಎರಿಭೂಮಿ ಬಿರುಕು ಬಿಟ್ಟಿರುತ್ತಾಳೆ. ಮಗನ ತಲೆಯಲ್ಲಿ ಮುತ್ತಿನಂತಹ ಕಾಳು. ಎಳ್ಳಮಾಸಿಯಂದು ಎಲ್ಲರೂ ಆ ಬೆಳೆಯ ನಡುವೆಯೇ ಕುಳಿತು ಉಂಡು, ಮರುದಿನ ಅದನ್ನು ಗುರುತಿಸಲಾರದೆ ಸೋಲಬೇಕು ಎಂಬುದು ನನ್ನ ಎಣಿಕೆ. ಪ್ರಾಸ, ಗಣ, ನಡಿಗೆ ಎಲ್ಲವನ್ನೂ ತಿಂಗಳುಗಟ್ಟಲೆ ತಿದ್ದಿದ್ದೆ. ಶ್ರಾವಣದಲ್ಲಿ ಅವನಿಗೆ ಕಲಿಸಿದೆ. ಉತ್ತರ ಕೇಳಿ ಅವನು ಲಾಳಿಯನ್ನು ಕೈಯಲ್ಲಿಯೇ ಹಿಡಿದು ಕುಳಿತುಬಿಟ್ಟ.

"ಏ ಮಾಸ್ತರ, ಇದನ್ನ ಆಕಿ ಸತ್ತ್ ಹುಟ್ಟಿ ಬಂದ್ರೂ ಹೇಳೂದಿಲ್ಲ ನೋಡು!"

ಆ ವರ್ಷದ ಹಾಡಿಕೆ ಅಬ್ಬಿಗೇರಿಯಲ್ಲಿ, ಊರ ಹೊರಗಿನ ಬಯಲಿನಲ್ಲಿ. ಮೂರು ಕಡೆ ಜೋಳದ ಹೊಲ. ಹಿಂದಿನ ದಿನದ ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹೋಳಿಗೆ ಇನ್ನೂ ಜನರ ಬುತ್ತಿಯಲ್ಲಿದ್ದವು. ಮಧ್ಯಾಹ್ನದಿಂದ ಹಾಡಿಕೆ ಚೆನ್ನಾಗಿಯೇ ನಡೆಯಿತು. ಬಿಸಿಲು ಇಳಿಯುವಾಗ ನಮ್ಮವನು ಎದ್ದು ಸವಾಲು ಹಾಡಿದ. ‘ಗೀಯ ಗೀಯ ಗಾಗೀಯ ಗೀ’ ಎಂದು ಹಿಮ್ಮೇಳ ಎತ್ತಿಕೊಂಡಿತು. ಆ ಎತ್ತುಗಡೆ ಮುಗಿಯುವ ಮೊದಲೇ ನರಗುಂದದವಳು ಎದ್ದು ನಿಂತಿದ್ದಳು. ಎದ್ದವಳು ಒಂದು ಗಳಿಗೆ ತಡೆದಳು. ನಮ್ಮವನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ತುಂತುಣಿಯ ತಂತಿ ಮೀಟಿ ಹಾಡಿಬಿಟ್ಟಳು. ಜೋಳ, ಎರಿ, ಇಬ್ಬನಿ, ಬಿರುಕು ಎಲ್ಲವೂ ಒಂದೊಂದಾಗಿ, ನಾನು ಪೋಣಿಸಿದ ಕ್ರಮದಲ್ಲಿಯೇ ಬಂದವು.

ಬಯಲೆಲ್ಲ ನಗೆ. ಮುಂದೆ ಕುಳಿತಿದ್ದ ಒಬ್ಬ ಮುದುಕ ಕೂಗಿದ: "ಏ ಗಜೇಂದ್ರಗಡದವ್ರ, ಉತ್ತರ ಬಗಲಾಗ ನಿಲ್ಲಿಸ್ಕೊಂಡು ಸವಾಲ ಕೇಳ್ತೀರಲ್ರೋ! ಕಣ್ಣ ಮನ್ಯಾಗ ಇಟ್ಟ ಬಂದೀರೇನ?"

ನಮ್ಮವನು ತುರಾಯಿ ಬಿಚ್ಚಿದ. ಗಂಟು ಬಿಚ್ಚಲು ಬಹಳ ಹೊತ್ತು ಹಿಡಿಯಿತು, ಕಟ್ಟಿದ್ದವರು ಉಸ್ತಾದರು. ಅವನು ನನ್ನ ಕಡೆ ನೋಡಲಿಲ್ಲ.

ಬಸ್ಸಿನಲ್ಲಿ ನಾನೇ ಮಾತು ತೆಗೆದೆ. "ಸವಾಲ ಸರಳ ಆತೇನೋ."

ಅವನು ಕಿಟಕಿಯ ಹೊರಗೆ ನೋಡುತ್ತ ಹೇಳಿದ: "ಆಗಿರಬೇಕ, ಮಾಸ್ತರ. ಆಕಿನೂ ಶ್ಯಾಣ್ಯಾಕಿ ಬಿಡು."

ಮನೆಗೆ ಬಂದ ಮೇಲೆ ಒಂದು ವಾರ ಆ ಪದವನ್ನು ನಾನು ಬಿಡಿಸಿ ಬಿಡಿಸಿ ನೋಡಿದೆ. ‘ಮುತ್ತು’ ಎಂದದ್ದು ತಪ್ಪಾಯಿತೆ? ‘ಹೆಗಲುದ್ದ’ ಎಂಬ ಶಬ್ದವೇ ಸುಳಿವು ಕೊಟ್ಟಿತೆ? ದೋಷ ನನ್ನ ರಚನೆಯಲ್ಲಿಯೇ ಇರಬೇಕೆಂದು ನಂಬಿ, ಸತ್ತ ಪದದ ಒಂದೊಂದು ಸಾಲನ್ನೂ ಮತ್ತೆ ಕಟ್ಟುತ್ತ ಕುಳಿತಿದ್ದೆ. ಮನೆಯವರು ತಟ್ಟೆ ಮುಂದಿಟ್ಟು, "ಉಣ್ರಿ, ಜ್ವಾಳದ ರೊಟ್ಟಿ. ಇದರ ಮ್ಯಾಲ ಸಿಟ್ಟ ಮಾಡಬ್ಯಾಡ್ರಿ," ಎಂದರು. ನನಗೆ ನಗು ಬರಲಿಲ್ಲ.

ಆ ಕಾಲಕ್ಕೆ ರೋಣದ ಬಸ್ ನಿಲ್ದಾಣದ ಹಿಂದೆ ಒಂದು ಇಂಟರ್‌ನೆಟ್ ಅಂಗಡಿ ಬಂದಿತ್ತು. ನಡೆಸುತ್ತಿದ್ದವನು ನನ್ನ ಹಳೆಯ ವಿದ್ಯಾರ್ಥಿ, ಎರಡು ಮಕ್ಕಳ ತಂದೆ. ಪ್ರಕಾಶಕರು ಕರಡುಗಳನ್ನು ಮಿಂಚಂಚೆಯಲ್ಲಿ ಕಳಿಸತೊಡಗಿದ್ದರಿಂದ ನಾನು ಅಲ್ಲಿಗೆ ಹೋಗಲೇಬೇಕಿತ್ತು. ಅಂಚೆಚೀಟಿ ಇಲ್ಲದೆ ಪತ್ರ ಹೋಗುತ್ತದೆ ಎಂಬುದು ನನಗೆ ಮೊದಲು ನಂಬಲಾಗದ ಸಂಗತಿಯಾಗಿತ್ತು, ಆಮೇಲೆ ಅಭ್ಯಾಸವಾಯಿತು. ಪ್ಲೈವುಡ್ಡಿನ ಪುಟ್ಟ ಗೂಡುಗಳಲ್ಲಿ ಊರಿನ ಹರೆಯದವರು ಕುಳಿತಿರುತ್ತಿದ್ದರು. ಒಬ್ಬ ಕಣ್ಣಿಗೆ ಕಾಣದ ಯಾರೊಡನೆಯೋ ಇಸ್ಪೀಟು ಆಡುತ್ತಿದ್ದ, ಇನ್ನೊಬ್ಬ ಹಾಡು ನೋಡುತ್ತಿದ್ದ, ಮತ್ತೊಬ್ಬ ತನ್ನ ಭಾವಚಿತ್ರ ಅಂಟಿಸಿ ಗೆಳೆಯರನ್ನು ಕೂಡಿಹಾಕುತ್ತಿದ್ದ. ಯಾವುದಕ್ಕೂ ಕಿಮ್ಮತ್ತಿಲ್ಲ. ಕೂತ ಹೊತ್ತಿಗೆ ಅಂಗಡಿಯವನ ಬಾಡಿಗೆ ಅಷ್ಟೆ, ಉಳಿದದ್ದೆಲ್ಲ ಫುಕಟ. ಅಲ್ಲಿ ಹೆಚ್ಚಾಗಿ ಕೇಳಿಬರುತ್ತಿದ್ದ ಶಬ್ದವೂ ಅದೇ.

ಜನವರಿಯ ಒಂದು ಬೆಳಿಗ್ಗೆ ಕರಡು ಇಳಿಸಿಕೊಳ್ಳಲು ಹೋದಾಗ ಅಂಗಡಿಯವನು ಉತ್ಸಾಹದಿಂದ ಕರೆದ:

"ಸರ್, ಬರ್ರಿ ಇಲ್ಲೆ, ಒಂದ್ ಮಜಾ ತೋರಸ್ತೀನಿ. ನಿಮ್ಮ ದೋಸ್ತರು ಭಾಳ ಫೇಮಸ್ ಆಗ್ಯಾರ್ರಿ. ಎಲ್ಲೆಲ್ಲಿ ಮಂದಿ ಕೇಳ್ಯಾರ ನೋಡ್ರಿ! ಮಸ್ಕತ್ತಿನಾಂವ ಒಬ್ಬ ಬರದಾನ, ಇಚಲಕರಂಜಿಯಾಂವ ಒಬ್ಬ ಬರದಾನ."

ಪರದೆಯ ಮೇಲೆ ಮಸಕಾದ ಒಂದು ವಿಡಿಯೊ ಚಿತ್ರ. ಮೊಬೈಲಿನಲ್ಲಿ ಹಿಡಿದದ್ದು. ಮುಖ ಸರಿಯಾಗಿ ಕಾಣಲಿಲ್ಲ. ಅಂಗಡಿಯವನು ಕಿವಿಗೆ ಹಚ್ಚುವ ಯಂತ್ರವನ್ನು ನನ್ನ ತಲೆಗೆ ತೊಡಿಸಿದ. ಮೊದಲು ಕೇಳಿಸಿದ್ದು ಹಾಡಲ್ಲ. ಟಕ್, ಟಕ್, ಒಂದು ಕೀರಲು. ಟಕ್, ಟಕ್, ಒಂದು ಕೀರಲು. ಆ ಮೇಲೆ ಅವನ ದನಿ: ‘ಹುಟ್ಟಿದ ಮ್ಯಾಲ ಹನಿ ಹಾಲ ಕುಡದಿಲ್ಲ…’

ಯಾರೋ ಕದ್ದು ಹಿಡಿದಿರಬಹುದು ಎಂದು ಒಂದು ಕ್ಷಣ ಆಸೆಪಟ್ಟೆ. ಆದರೆ ಹಾಡಿನ ನಡುವೆ ಅವನೇ ಮೊಬೈಲಿನತ್ತ ಬಾಗಿ ಮಾತನಾಡಿದ: "ಉತ್ತರ ಕೇಳಿ ಭಾಳ ಮಂದಿ ಬರದೀರಿ. ಕೇಳ್ರೆಪಾ ಹಂಗಾರ." ಹಾಗೆಂದು ಉತ್ತರವನ್ನೂ ಹಾಡಿದ. ಒಂದೇ ಉಸಿರಿನಲ್ಲಿ ಸವಾಲು, ಅದರ ಬೆನ್ನಿಗೇ ಉತ್ತರ, ಎದುರಿಗೆ ಯಾರೂ ಇಲ್ಲ. ಪದ ಕೊನೆಯ ನುಡಿಗೆ ಬರುವಷ್ಟರಲ್ಲಿ ಚಿತ್ರ ನಿಂತುಹೋಯಿತು. ‘ರೋಣದ ಮಾಸ್ತರ’ ಅದರೊಳಗೆ ಇರಲಿಲ್ಲ.

"ಯಾವಾಗ ಹಾಕಿದ್ದಪಾ ಇದು?" ಎಂದು ಕೇಳಿದೆ.

"ದಸರಾದ ಹೊತ್ತಿಗೇ ಹಾಕ್ಯಾರ್ರಿ ಸರ್. ಯಾಕ್ರಿ, ನಿಮಗ ಹೇಳಿದ್ದಿಲ್ಲೇನ್ರಿ?"

ಅಂದರೆ ಅಬ್ಬಿಗೇರಿಯ ಹಾಡಿಕೆಗೆ ಬಹಳ ಮೊದಲೇ. ಅಂದರೆ ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತ ಅವನು ‘ಆಗಿರಬೇಕ, ಮಾಸ್ತರ’ ಎಂದಾಗ, ತಪ್ಪು ಪದದ್ದಲ್ಲ ಎಂಬುದು ಅವನಿಗೆ ಗೊತ್ತಿತ್ತು. ಸೋಲಿಗಿಂತ ಆ ಒಂದು ಮಾತು ನನ್ನನ್ನು ಹೆಚ್ಚು ಕೊಯ್ದಿತು. ನನ್ನ ರಚನೆಯ ಮೇಲೆ ನಾನೇ ಅಪನಂಬಿಕೆ ಪಡುವಂತೆ ಒಂದು ವಾರ ಬಿಟ್ಟುಬಿಟ್ಟಿದ್ದನಲ್ಲ.

ಮರುದಿನವೇ ಗಜೇಂದ್ರಗಡಕ್ಕೆ ಹೋದೆ. ಅವನು ಕುಣಿಯಲ್ಲಿ ಕುಳಿತಿದ್ದ. ನಾನು ಬಾಗಿಲಲ್ಲಿ ನಿಂತದ್ದನ್ನು ಕಂಡು ಮಗ್ಗ ನಿಲ್ಲಿಸಿದ. ಅವನ ಮುಖ ನೋಡಿದರೆ ಪ್ರಶ್ನೆಯೇ ಬೇಕಿರಲಿಲ್ಲ.

"ಕೇಳಿದಿ?"

"ಕೇಳಿದೆ. ನಿನ್ನ ಮಗ್ಗಕ್ಕ ಬಾಯಿ ಬಂದೈತಿ."

ಅವನು ಲಾಳಿಯ ನೂಲನ್ನು ಬೆರಳಿಗೆ ಸುತ್ತಿಕೊಂಡ. ಆಮೇಲೆ ಹೇಳಿದ: "ಮಾಸ್ತರ, ನಾ ಅದನ್ನ ದೂರದ ಮಂದಿಗಂತ ಹಾಕಿದ್ದು. ನಮ್ಮ ಮಂದಿ ಎದುರ ನಿಂತ ಹಾಡಿದ್ರ ಎಲಿಅಡಕಿ ಹಾಕ್ಕೋತ ಕುಂತಿರ್ತಾರ. ಅವ್ರು ಪೆಟ್ಟಿಗ್ಯಾಗ ಹುಡುಕಿ ಕೇಳ್ತಾರಂತ ನನಗೇನ ಕನಸ ಬಿದ್ದಿತ್ತು? ಬಾವ್ಯಾಗ ಬಗ್ಗಿ ಹಾಡಿದಂಗ ಅನಕೊಂಡಿದ್ದೆ."

"ಉತ್ತರ ಯಾಕ ಹಾಡಿದಿ? ಸವಾಲ ಹಾಡಿ ಬಿಡಬೇಕಿತ್ತಲ್ಲ."

"ಅಲ್ಲೆ ಎದುರಾಳಿ ಇಲ್ಲೊ. ಮೊದಲ ಬರೇ ಸವಾಲ ಹಾಕಿದ್ದೆ, ಒಗದ್ರ ಹಿಡಿಯಾಕ ಯಾರೂ ಇಲ್ಲ. ‘ಉತ್ತರ ಹೇಳ್ರಿ, ಉತ್ತರ ಹೇಳ್ರಿ’ ಅಂತ ದಿನಾ ಬರದ್ರು. ಹೇಳದಿದ್ರ ಹ್ವಾದ್ರು ಅಂತ ತಿಳಿ. ಮೊಬೈಲ್ ರಿಪೇರಿ ಅಂಗಡಿಯಾಂವ ಓದಿ ಹೇಳ್ತಿದ್ದ ನನಗ."

"ಮುದ್ರಿಕಿ?"

ಇದಕ್ಕೆ ಅವನು ತಲೆ ಎತ್ತಲಿಲ್ಲ. "ಪದ ಉದ್ದ ಆತು. ಅದರಾಗ ಹಿಡಸಲಿಲ್ಲ. ಕಡೀ ನುಡಿ ಬಿಡಬೇಕಾತು."

ಒಂದು ನುಡಿ ಬಿಡಬೇಕಾದಾಗ, ಬಿಡಲು ಅವನು ಆರಿಸಿಕೊಂಡದ್ದು ನನ್ನ ಗುರುತಿದ್ದ ನುಡಿಯನ್ನು. ನಾನು ಜಗಳವಾಡಲಿಲ್ಲ; ಜಗಳಕ್ಕೆ ಬೇಕಾದ ದನಿ ನನ್ನಲ್ಲಿಲ್ಲ. ಮೂಲೆಯಲ್ಲಿ ಗೂಟಕ್ಕೆ ತೂಗುಹಾಕಿದ್ದ ಉಸ್ತಾದರ ಡಪ್ಪನ್ನು ತೋರಿಸಿದೆ. ತುರಾಯಿ ಇಲ್ಲದ ಅದರ ಅಂಚು ಬೋಳಾಗಿತ್ತು. ಅವನು ಕುಣಿಯಿಂದ ಮೇಲೆದ್ದು ಬಂದು ಡಪ್ಪಿನ ಮೇಲೆ ಅಂಗೈ ಇಟ್ಟ. ಹಾಕಿದ್ದನ್ನೆಲ್ಲ ತೆಗೆಸುತ್ತೇನೆ, ಮುಂದಿನ ವರ್ಷ ನರಗುಂದದಲ್ಲಿ ಆಗುವ ಹಾಡಿಕೆಗೆ ಮೊದಲು ಹೊಸ ಸವಾಲು ಯಾರ ಕಿವಿಗೂ ಬೀಳುವುದಿಲ್ಲ, ತುರಾಯಿ ತಂದೇ ತರುತ್ತೇನೆ ಎಂದು ಉಸ್ತಾದರ ಮೇಲೆ ಆಣೆ ಮಾಡಿದ. ನಾನು ಕೇಳದೆ ಇದ್ದರೂ ಮಾಡಿದ. ಆ ದಿನ ಅವನ ಮನೆಯಲ್ಲಿಯೇ ಉಂಡು ಬಂದೆ.

ನಮ್ಮ ಮನೆಯವರಿಗೆ ಇದನ್ನು ಹೇಳಿದಾಗ ಅವರು ಮೊರದಿಂದ ಕಣ್ಣೆತ್ತದೆ, "ನಿಮ್ಮ ದೋಸ್ತಗ ಫುಕಟ ಚಪ್ಪಾಳಿ ರುಚಿ ಹತ್ತೇತ್ರಿ. ಆ ರುಚಿ ಆಣಿ ಮಾಡಿದ್ರ ಬಿಡೂದಲ್ಲ," ಎಂದರು. ಹೆಂಗಸರು ಮನುಷ್ಯರನ್ನು ಬೇಗ ತೀರ್ಮಾನಿಸುತ್ತಾರೆ ಎಂದುಕೊಂಡೆ.

ಹಾಕಿದ್ದ ಹಾಡುಗಳು ಪರದೆಯಿಂದ ನಿಜವಾಗಿಯೂ ಹೋದವು. ಅಂಗಡಿಗೆ ಹೋದಾಗಲೆಲ್ಲ ನಾನು ಹುಡುಕಿಸಿ ನೋಡುತ್ತಿದ್ದೆ. ಬೇಸಿಗೆಯ ಹೊತ್ತಿಗೆ ಹುಡುಕಿಸುವುದನ್ನು ಬಿಟ್ಟೆ. ನಂಬಿದ ಮೇಲೆ ಪರೀಕ್ಷಿಸುವುದು ಮರ್ಯಾದೆಯಲ್ಲ ಎಂಬುದು ನನ್ನ ಅಭಿಪ್ರಾಯ. ಶಾಲೆಯಲ್ಲಿಯೂ ಹಾಗೆಯೇ ಇದ್ದೆ: ಪರೀಕ್ಷೆಯ ಕೋಣೆಯಲ್ಲಿ ಕಣ್ಣು ಹದ್ದಿನದು, ಹೊರಗೆ ಬಂದ ಮೇಲೆ ಯಾರ ಜೇಬನ್ನೂ ತಡಕಿದವನಲ್ಲ.

ಹೊಸ ಸವಾಲನ್ನು ಆ ವರ್ಷ ಜೀವ ತೇಯ್ದು ಕಟ್ಟಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನನಗೆ ಗೊತ್ತಿದ್ದಂತೆ ಅದಕ್ಕಿಂತ ಒಳ್ಳೆಯ ಪದವನ್ನು ನಾನು ಮೊದಲೂ ಕಟ್ಟಿರಲಿಲ್ಲ, ಆಮೇಲಂತೂ ಕಟ್ಟಲೇ ಇಲ್ಲ. ಮುದ್ರಿಕೆಯನ್ನು ಈ ಸಲ ಕೊನೆಯ ನುಡಿಗೆ ಇಡದೆ ಉತ್ತರದ ಸಾಲಿನೊಳಗೇ ಹೆಣೆದೆ. ತೆಗೆಯಬೇಕೆಂದರೆ ಉತ್ತರವೇ ಹರಿದುಹೋಗಬೇಕು, ಹಾಗೆ. ದೀಪಾವಳಿಯ ಮೊದಲು ಕಲಿಸಲು ಹೋದಾಗ ಮಗ್ಗ ಅದೇ ಕುಂಟು ನಡಿಗೆಯಲ್ಲಿ ನಡೆಯುತ್ತಿತ್ತು. ಅವನು ಪದವನ್ನು ಒಂದೇ ಸಲಕ್ಕೆ ಹಿಡಿದ. ಮೂರನೆಯ ಸಲ ಹಾಡುವಾಗ ಅವನ ಕಣ್ಣಲ್ಲಿ ನೀರು ಬಂದಿತ್ತು. "ಮಾಸ್ತರ, ಇಂಥಾದ್ದನ್ನ ಒಂದ್ ಬಯಲಾಗ ಹಾಡಿ ಮುಗಸೂದು ಅಂದ್ರ…" ಎಂದು ಅರ್ಧಕ್ಕೆ ನಿಲ್ಲಿಸಿದ. ಅದು ಮೆಚ್ಚುಗೆಯ ಮಾತೆಂದು ತಿಳಿದು ನಾನು ಹಿಗ್ಗಿದೆ.

ಆ ಮಳೆಗಾಲ ವಿಪರೀತವಾಗಿತ್ತು, ಬಿತ್ತನೆ ತಡವಾಗಿತ್ತು. ರೋಣದ ಅಂಗಡಿಯಲ್ಲಿ ಆಗ ಹೊಸದೊಂದು ಆಟ ಬಂದಿತ್ತು. ಪರದೆಯ ಮೇಲೆ ಹೊಲ ಉಳುವುದು, ಬಿತ್ತುವುದು, ಬೆಳೆ ಬಾಡುವ ಮೊದಲು ಬಂದು ಕೊಯ್ಯುವುದು. ರೈತರ ಮಕ್ಕಳೇ ಗೂಡು ತುಂಬ ಕುಳಿತು ಫುಕಟ ಬೆಳೆ ತೆಗೆಯುತ್ತಿದ್ದರು. "ನಿಮ್ಮ ಖರೇ ಹೊಲದಾಗ ಕಳೆ ಎದಿಮಟ ಬಂದೈತಿ, ಅದನ್ಯಾರ ತಗೀಬೇಕ್ರೆಪಾ?" ಎಂದು ನಾನು ಒಬ್ಬನನ್ನು ಕೇಳಿದೆ. "ಅದಕ ಅಪ್ಪ ಅದಾನ್ರಿ ಸರ್," ಎಂದ. ಆ ದಿನ ನಕ್ಕು ಬಂದಿದ್ದೆ.

ಎಳ್ಳಮಾಸಿಯ ಮರುದಿನ ನಾನು ರೋಣದಿಂದ ನೇರವಾಗಿ ನರಗುಂದಕ್ಕೆ ಹೋದೆ. ಮೇಳದವರು ಗಜೇಂದ್ರಗಡದಿಂದ ಬರಬೇಕೆಂದು ಮಾತಾಗಿತ್ತು. ಗುಡ್ಡದ ಬುಡದ ಬಯಲಿನಲ್ಲಿ ಜಮಖಾನೆ ಹಾಸಿದ್ದರು. ನರಗುಂದದ ಹಾಡುಗಾರ್ತಿ ಹಸಿರು ಸೀರೆ ಉಟ್ಟು, ಡಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ನಮ್ಮ ತುರಾಯಿ ಅದರ ಅಂಚಿನಲ್ಲಿ ಒಂದು ಸಡಿಲ ಗಂಟಿನಲ್ಲಿ ತೂಗುತ್ತಿತ್ತು. ಸುಲಭವಾಗಿ ಬಿಚ್ಚುವಂತಹ ಗಂಟು. ಆಕೆಯ ಪಕ್ಕದಲ್ಲಿ ಒಂದು ಸೂಜಿ, ಒಂದು ದಾರದುಂಡೆ, ಕರಾರಿನಂತೆ ಇದ್ದವು.

"ಬರ್ರಿ ಮಾಸ್ತರ, ಕುಂದರ್ರಿ. ಕಡಬು ತಿಂತೀರೇನ?" ಎಂದಳು.

ನಮ್ಮ ಹಿಮ್ಮೇಳದವರು ಬಂದರು. ಅವನು ಅವರ ಜೊತೆ ಇರಲಿಲ್ಲ. ಮುಂದಿನ ಬಸ್ಸಿಗೆ ಬರುತ್ತೇನೆಂದು ಹೇಳಿದನಂತೆ. ಮುಂದಿನ ಬಸ್ಸು ಬಂತು, ಅದರ ಮುಂದಿನದೂ ಬಂತು. ಆಕೆ ತನ್ನ ಪದಗಳನ್ನು ಹಾಡಿದಳು, ಬೇಕೆಂದೇ ನಿಧಾನವಾಗಿ, ನುಡಿನುಡಿಗೂ ನೀರು ಕುಡಿದು, ಹೊತ್ತು ಎಳೆಯುತ್ತ ಹಾಡಿದಳು. ಜನ ಗುಸುಗುಸು ಎನ್ನತೊಡಗಿದರು. ಒಬ್ಬ ಎದ್ದು, "ಏನ್ರಿ, ಹರದೇಶಿ ಗಂಡಸರು ಎಲ್ಲಿ ಅಡಗ್ಯಾರ? ಗಂಡ ಹೆಚ್ಚ ಅನ್ನವ್ರು ಅವ್ರ ಅಲ್ಲೇನ?" ಎಂದ. ನಗೆ ಬಯಲಿನ ಈ ತುದಿಯಿಂದ ಆ ತುದಿಗೆ ಹೋಯಿತು.

ನನ್ನ ಬಳಿ ಮೊಬೈಲ್ ಇರಲಿಲ್ಲ. ಆಕೆಯ ಅಳಿಯನಿಂದ ಇಸಿದುಕೊಂಡು ಅವನಿಗೆ ಹಚ್ಚಿದೆ. ಎತ್ತಿದ. ಮೊದಲು ಕೇಳಿಸಿದ್ದು ಮಗ್ಗ: ಟಕ್, ಟಕ್, ಕೀರಲು.

"ಎಲ್ಲಿ ಅದಿ?"

ಮಗ್ಗ ನಿಂತಿತು. "ಮನ್ಯಾಗ ಅದೀನ್ರಿ, ಮಾಸ್ತರ."

ಬಾಲ್ಯದಿಂದ ನನ್ನನ್ನು ‘ನೀ’ ಎಂದವನು ‘ರಿ’ ಹಚ್ಚಿದ. ಅಷ್ಟರಲ್ಲಿಯೇ ನನಗೆ ತಿಳಿಯಬೇಕಿತ್ತು.

"ದೀಪದ ಹೊತ್ತಾತು. ಆಕಿ ಕಾಯಾಕತ್ತಾಳ."

"ನಾ ಬರೂದಿಲ್ರಿ. ಬಂದ್ರೂ ಹಾಡಾಕ ಬರೂದಿಲ್ಲ. ಆಕಿಗೇ ಕೇಳ್ರಿ, ಗೊತ್ತಾಗ್ತತಿ." ಅವನೇ ಮುಂದುವರಿಸಿದ: "ಬಯಲಾಗ ನನ್ನ ಯಾರ ಕೇಳ್ತಾರ್ರಿ? ಯಾರ ಸೋತ್ರು, ಯಾರ ಗೆದ್ರು ಅಂತ ನೋಡಾಕ ಬರ್ತಾರ. ಅಲ್ಲೆ ಪೆಟ್ಟಿಗ್ಯಾಗ ನನ್ನ ದನಿ ಕೇಳ್ತಾರ. ಇಚಲಕರಂಜ್ಯಾಗ ಒಬ್ಬ ದಿನಾ ಮುಂಜಾನಿ ನನ್ನ ಪದಾ ಹಚ್ಚೇ ಮಗ್ಗ ಸುರು ಮಾಡ್ತಾನಂತ. ನೀವ ಹೇಳ್ರಿ, ಅದನ್ನ ಹ್ಯಾಂಗ ಬಿಡ್ಲಿ?"

ಉಸ್ತಾದರ ಆಣೆ ಏನಾಯಿತು ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಆ ಕಡೆ ಮಗ್ಗ ಮತ್ತೆ ಶುರುವಾಯಿತು. ಆಮೇಲೆ ಸಂಪರ್ಕ ಕಡಿಯಿತು.

ಮೊಬೈಲನ್ನು ಅಳಿಯನಿಗೆ ಮರಳಿಸಿ ನಾನು ತಿರುಗಿ ಬಂದು ಕುಳಿತೆ. ಆಕೆ ನನ್ನ ಮುಖವನ್ನು ನೋಡಿ ಡಪ್ಪನ್ನು ಪಕ್ಕಕ್ಕಿಟ್ಟಳು.

"ಅಕ್ಕಾ, ನಿಮಗ ಗೊತ್ತದನ?" ಎಂದು ಕೇಳಿದೆ.

ಆಕೆ ಅಳಿಯನ ಕೈಯಿಂದ ಮೊಬೈಲ್ ತೆಗೆದುಕೊಂಡು ನನ್ನ ಕೈಗೆ ಕೊಟ್ಟಳು. ಅಳಿಯ ಗುಂಡಿ ಒತ್ತಿದ. ಹಿಂದಿನ ದಿನ ನರಗುಂದದ ನೆಟ್ ಅಂಗಡಿಯಲ್ಲಿ ಅದನ್ನು ಇಳಿಸಿಕೊಂಡಿದ್ದನಂತೆ. ಮಗ್ಗ, ದನಿ, ನನ್ನ ಪದ. ಸವಾಲು, ಬೆನ್ನಿಗೇ ಉತ್ತರ. ಮುದ್ರಿಕೆ ಇದ್ದ ಜಾಗದಲ್ಲಿ ಅವನು ‘ರೋಣದ ಮಾಸ್ತರ’ ಎಂಬುದನ್ನು ತೆಗೆದು, ಅಷ್ಟೇ ಮಾತ್ರೆಗೆ ಸರಿಹೋಗುವ ಬೇರೆ ಎರಡು ಶಬ್ದ ಕೂರಿಸಿದ್ದ. ತಾಳ ತಪ್ಪಿರಲಿಲ್ಲ. ಅದನ್ನು ಕಲಿಸಿದವನು ನಾನೇ.

"ಹ್ವಾದ ವರ್ಷನೂ ಹಿಂಗ ಕೇಳಿದ್ದೆ," ಎಂದಳು ಆಕೆ. "ಖರೇ ಹೇಳ್ತೀನಿ ಮಾಸ್ತರ, ಅಬ್ಬಿಗೇರ್ಯಾಗ ಎದ್ದ ನಿಂತಾಗ ಅಂಜಿಕಿ ಬಂತು. ಗುಟ್ಟಿನ ಉತ್ತರ ಯಾರರ ಬಯಲಿಗೆ ಇಡ್ತಾರ? ನನ್ನ ಕೆಡವಾಕ ಸುಳ್ಳ ಉತ್ತರ ಹಾಡಿ ಇಟ್ಟಿರಬೇಕು, ನೀವಿಬ್ರೂ ಕೂಡೇ ಒಡ್ಡಿದ ಬಲಿ ಇರಬೇಕು ಅನಕೊಂಡೆ. ನಿಮ್ಮ ಮಾರಿ ನೋಡಿದೆ. ನಿಮ್ಮ ಮಾರ್ಯಾಗ ಏನೂ ಇದ್ದಿದ್ದಿಲ್ಲ. ಆವಾಗ ತಿಳೀತು, ನಿಮಗ ಗೊತ್ತಿಲ್ಲಂತ."

"ಈ ಸಲ ಮತ್ತ ಯಾಕ ಕಾದ್ರಿ?"

"ಆಂವ ಬಂದ ಹಾಡಿದ್ರ ನಾ ಸುಮ್ನ ಕುಂದರತಿದ್ದೆ. ಗೊತ್ತಿಲ್ಲ ಅಂತಿದ್ದೆ. ಉಸ್ತಾದರ ತುರಾಯಿ ಅವರ ಡಪ್ಪಿಗೆ ಹೋಗ್ಲಿ ಅಂತ." ಆಕೆ ಪಡುವಣದ ಕಡೆ ನೋಡಿದಳು. ಬೆಳಕು ಇನ್ನೂ ಸ್ವಲ್ಪ ಉಳಿದಿತ್ತು. "ನೀವ ಹಾಡ್ರಿ, ಮಾಸ್ತರ. ಹ್ಯಾಂಗರ ಹಾಡ್ರಿ. ದನಿ ಒಡದ್ರೂ ಒಡೀಲಿ. ಪದಾ ನಿಮ್ಮದು. ನಾ ಸೋಲ್ತೀನಿ."

ಒಂದು ಗಳಿಗೆ ನಾನು ಎದ್ದು ನಿಂತದ್ದೂ ಹೌದು. ಆದರೆ ಗುಟ್ಟಿಲ್ಲದ ಸವಾಲನ್ನು ಗುಟ್ಟಿನ ಸವಾಲೆಂದು ಹಾಡುವುದು, ಉತ್ತರ ಬಲ್ಲವಳು ಬಲ್ಲೆನೆನ್ನದೆ ಕೂರುವುದು, ಹಾಗೆ ಬಂದ ತುರಾಯಿಯನ್ನು ಗೆದ್ದೆನೆಂದು ಒಯ್ಯುವುದು ನನ್ನಿಂದಾಗಲಿಲ್ಲ. ಒಯ್ದರೂ ಯಾವ ಡಪ್ಪಿಗೆ ಕಟ್ಟಲಿ? ಉಸ್ತಾದರ ಡಪ್ಪು ಗಜೇಂದ್ರಗಡದಲ್ಲಿ, ಆ ಮಗ್ಗದ ಮೂಲೆಯಲ್ಲಿ ತೂಗುತ್ತಿತ್ತು. ಅದರ ಮೇಲೆ ಅಂಗೈ ಇಟ್ಟು ಹೇಳಿದ ಮಾತು ಕೆಟ್ಟ ಮೇಲೆ ಅದಕ್ಕೆ ತುರಾಯಿ ಕಟ್ಟುವವನು ನಾನಾಗಲಾರೆ.

"ಹೊಲೀರಿ, ಅಕ್ಕಾ," ಎಂದೆ.

ಆಕೆ ಮತ್ತೊಮ್ಮೆ ಕೇಳಲಿಲ್ಲ. ಸೂಜಿಗೆ ದಾರ ಪೋಣಿಸಲು ಕಣ್ಣು ಸಾಲದೆ ಅಳಿಯನ ಕಡೆ ಚಾಚಿದಳು. ನಾನು ತೆಗೆದುಕೊಂಡು ಪೋಣಿಸಿ ಕೊಟ್ಟೆ. ಸಡಿಲ ಗಂಟನ್ನು ಬಿಚ್ಚಿ, ಕೆಂಪು ರೇಷ್ಮೆಯನ್ನು ಡಪ್ಪಿನ ಅಂಚಿನ ಚರ್ಮಕ್ಕೆ ಒತ್ತಿ ಹಿಡಿದು, ಹೊಲಿಗೆ ಹಾಕತೊಡಗಿದಳು. ಕೊನೆಯ ಹೊಲಿಗೆಯ ದಾರವನ್ನು ಹಲ್ಲಿನಿಂದ ಕಡಿಯುವ ಹೊತ್ತಿಗೆ ಯಾರೋ ದೀಪ ತಂದಿಟ್ಟರು. ಹರದೇಶಿಯವರ ಆ ತುರಾಯಿ ನಾಗೇಶಿಯವರದಾಯಿತು. ಆ ದಿನ ೨೦೦೯ನೆಯ ಇಸವಿಯ ಡಿಸೆಂಬರ್ ಹದಿನೇಳನೆಯ ತಾರೀಖು, ಗುರುವಾರ.